ಫೋಟೋ ಹೊಡೆಯೋದು, ಹಂದಿ ಹೊಡೆಯೋದು

ಸೋಮವಾರ ಬೆಳಿಗ್ಗೆ ಆಫೀಸಿನ ಕಾಫಿ ಮಷೀನ್ ಮುಂದೆ ನಡೆದ ಮಾತುಕತೆ ಇದು. ನಾನು ಉಪ್ಪುಖಾರ ಏನೂ ಸೇರಿಸಿಲ್ಲ.

"ಏನ್ ಗುರು, ವೀಕೆಂಡು ಕಬಿನಿ ಕಡೆ ಹೋಗಿದ್ಯಂತೆ? ಹುಲಿ ಸಿಕ್ತಾ?"

"ಹುಲಿ ಸಿಗ್ಲಿಲ್ಲ ಮಗಾ. ಚಿರತೆ ಸಿಕ್ತು, ಮರದ ಮೇಲೆ. ಸಖತ್ತಾಗಿ ಹೊಡೆದೆ."

"ಎಷ್ಟು ಹೊಡೆದೆ?"

"ಇನ್ನೂರು ಮುನ್ನೂರು ಇರ್ಬೇಕು."

ನಗಬೇಡಿ. ನೀವೂ ಹೀಗೇ ಮಾತಾಡ್ತೀರಿ. ಮೇಲಿನ ಮಾತುಕತೆಯಲ್ಲಿ ಚಿರತೆ ಹೊಡೆದವನು ನಾನೇ.

ನಮ್ಮೂರು ಕೊಪ್ಪದ ಕಡೆ. ಅಜ್ಜನ ಹತ್ರ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ, ರಶೀದಿ ಜೋಪಾನವಾಗಿ ಇಟ್ಟುಕೊಂಡು ಬರ್ತಿದ್ರು. ಸಂಜೆ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುವವರ ಬಾಯಲ್ಲಿ ಬರ್ತಿದ್ದ ಮಾತುಗಳೂ ಇವೇ. "ಹಂದಿ ಸಿಕ್ತಾ?" "ಹಂದಿ ಸಿಗ್ಲಿಲ್ಲ, ಕಾಡುಕುರಿ ಸಿಕ್ತು." "ಹೊಡೆದ್ರಾ?" ಇಪ್ಪತ್ತೈದು ವರ್ಷ ಕಳೆದು, ಮುನ್ನೂರು ಕಿಲೋಮೀಟರ್ ದಾಟಿ, ಹವಾನಿಯಂತ್ರಿತ ಕಟ್ಟಡದ ಏಳನೇ ಮಹಡಿಯಲ್ಲಿ ನಿಂತು ಮೊಮ್ಮಗ ಅದೇ ಎರಡು ಕ್ರಿಯಾಪದಗಳನ್ನು ಬಳಸ್ತಿದಾನೆ. ಸಿಗೋದು, ಹೊಡೆಯೋದು.

ಕೋವಿ ಹಿಡಿದ ತಲೆಮಾರು ಮಾಡಿದ್ದು ತಪ್ಪು ಅಂತ ನಾವೆಲ್ಲ ಒಪ್ಕೊಂಡಿದೀವಿ. ಕ್ಯಾಮೆರಾ ಹಿಡಿದ ನಮ್ಮ ತಲೆಮಾರು ಮಾಡ್ತಿರೋದು ಪುಣ್ಯದ ಕೆಲಸ ಅಂತಲೂ ಒಪ್ಕೊಂಡುಬಿಟ್ಟಿದೀವಿ. ಮೊದಲನೆಯದರ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯದರ ಬಗ್ಗೆ ಜಗಳ ತೆಗೆಯೋಕೇ ಇದನ್ನು ಬರೀತಿದೀನಿ.

ಹೊರಗೆ ನಿಂತು ಬೈಯೋನಲ್ಲ ನಾನು. ಮೊದಲ ಬೋನಸ್ಸಿನಲ್ಲಿ ಕ್ಯಾಮೆರಾ ತಗೊಂಡೆ. ಅದರ ಜೊತೆ ಬಂದ ಲೆನ್ಸಿನಲ್ಲಿ ಹಕ್ಕಿ ಸಾಸಿವೆ ಕಾಳಿನಷ್ಟು ಕಾಣುತ್ತೆ ಅಂತ ಗೊತ್ತಾದ ಮೇಲೆ ಇಎಂಐ ಮೇಲೆ 150-600 ಝೂಮ್ ತಗೊಂಡೆ. ಮನೆಯಲ್ಲಿ ಅದಕ್ಕೆ ಫಿರಂಗಿ ಅಂತ ಹೆಸರಿದೆ. ಹೆಸರಿಟ್ಟಿದ್ದು ನನ್ನ ಹೆಂಡತಿ. ಅವಳಿಗೆ ಫೋಟೋಗ್ರಫಿ ಬಗ್ಗೆ ಏನೂ ಗೊತ್ತಿಲ್ಲ ಅಂತ ಆಗ ನಕ್ಕಿದ್ದೆ. ಈಗ ನೋಡಿದರೆ ನಮ್ಮಿಬ್ಬರಲ್ಲಿ ಗೊತ್ತಿದ್ದದ್ದು ಅವಳಿಗೇ.

ಶುಕ್ರವಾರ ರಾತ್ರಿ ರಿಲೀಸ್ ಮುಗಿಸಿ, ಎರಡು ಗಂಟೆಗೆ ನಾಲ್ಕು ಜನ ಕಾರು ಹತ್ತೋದು, ಗುಂಡ್ಲುಪೇಟೆಯಲ್ಲಿ ಟೀ ಕುಡಿಯೋದು, ಬಂಡೀಪುರದ ಗೇಟಿನ ಮುಂದೆ ಸಾಲಿನಲ್ಲಿ ನಿಂತು ಆರು ಗಂಟೆ ಆಗೋದನ್ನು ಕಾಯೋದು. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಕೆಲವು ಬಸ್ಸು ಆಂಬುಲೆನ್ಸು ಬಿಟ್ಟರೆ, ವಾಹನ ಬಿಡೋದಿಲ್ಲ. ರಾತ್ರಿ ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು ಅಂತ ಬಂದ ನಿಯಮ ಅದು. ಆ ನಿಯಮದ ಪರವಾಗಿ ಆನ್‌ಲೈನ್ ಅರ್ಜಿಗೆ ನಾನೂ ಸಹಿ ಹಾಕಿದ್ದೆ, ಹೆಮ್ಮೆಯಿಂದ. ಆಮೇಲೆ ಒಂದು ಬೆಳಿಗ್ಗೆ ಆರೂಕಾಲಿಗೆ ಅದೇ ರಸ್ತೆಯಲ್ಲಿ, "ಇಲ್ಲಿ ವಾಹನ ನಿಲ್ಲಿಸಬಾರದು" ಅನ್ನೋ ಬೋರ್ಡಿನಿಂದ ಕೂಗಳತೆಯಲ್ಲಿ, ನಮ್ಮ ಕಾರು ನಿಂತಿತು. ರಸ್ತೆ ಬದಿಯಲ್ಲಿ ಆನೆ ಹಿಂಡು. ನಡುವೆ ಒಂದು ಮರಿ, ಅಮ್ಮನ ಕಾಲ ಸಂದಿಯಲ್ಲಿ. ನಾವು ನಿಂತಿದ್ದು ನೋಡಿ ಹಿಂದಿನ ಕಾರೂ ನಿಂತಿತು, ಅದರ ಹಿಂದಿನದೂ ನಿಂತಿತು. ಐದು ನಿಮಿಷದಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲು ತಯಾರು.

ಆನೆಗಳಿಗೆ ರಸ್ತೆ ದಾಟಬೇಕಿತ್ತು. ಅಷ್ಟೇ. ಆಚೆ ಕಡೆ ನೀರೋ ಮೇವೋ ಏನೋ ಇತ್ತು. ದೊಡ್ಡ ಹೆಣ್ಣಾನೆ ಒಂದು ಹೆಜ್ಜೆ ಮುಂದಿಡೋದು, ನಮ್ಮ ಗಾಡಿಗಳ ಗೋಡೆ ನೋಡೋದು, ಹಿಂದೆ ಸರಿಯೋದು. ಇಪ್ಪತ್ತು ನಿಮಿಷ ಹೀಗೇ ನಡೀತು. ಆಮೇಲೆ ಅದು ಕಿವಿ ಅಗಲಿಸಿ ನಮ್ಮ ಕಡೆ ನಾಲ್ಕು ಹೆಜ್ಜೆ ಓಡಿ ಬಂತು ನೋಡಿ, ಎಲ್ಲರ ಶಟರ್ ಒಟ್ಟಿಗೆ ಕೂಗಿದವು. ಆ ಫೋಟೋ ನನ್ನ ಹತ್ರ ಇದೆ. ಕಿವಿ, ಧೂಳು, ಎತ್ತಿದ ಸೊಂಡಿಲು, ಹಿಂದಿನಿಂದ ಬೆಳಗಿನ ಬಿಸಿಲು. "ರಾಜಗಾಂಭೀರ್ಯ" ಅಂತ ಹೆಸರು ಕೊಟ್ಟು ಹಾಕಿದ್ದೆ. ಅದು ಗಾಂಭೀರ್ಯ ಅಲ್ಲ ಸ್ವಾಮಿ, ಮಗುವನ್ನು ಕಟ್ಟಿಕೊಂಡು ಬಂದ ಹೆಂಗಸೊಬ್ಬಳು ರಸ್ತೆ ದಾಟೋಕೆ ಬಿಡದ ಪುಂಡರಿಗೆ ಬೈದದ್ದು.

ಇದಾದ ಮೇಲೂ ನನಗೆ ಬುದ್ಧಿ ಬರಲಿಲ್ಲ. ಬಂದಿದ್ದರೆ ಹಾವಿನ ಪ್ರಸಂಗ ನಡೀತಿರಲಿಲ್ಲ.

ಘಟ್ಟದ ಒಂದು ಹೋಮ್‌ಸ್ಟೇ, ಹೆಸರು ಬೇಡ. ಮಳೆಗಾಲ. ರಾತ್ರಿ ಟಾರ್ಚು ಹಿಡಿದು ಕಪ್ಪೆ, ಹಾವು ಹುಡುಕಿಸಿ ಫೋಟೋ ತೆಗೆಸುವ ಪ್ಯಾಕೇಜು. ಗೈಡಿಗೆ ಒಂದು ಮಲಬಾರ್ ಗುಳಿಮಂಡಲ ಕಾಣಿಸಿತು, ಹಸಿರು ಬಣ್ಣದ್ದು. ಈ ಹಾವು ಬೇಟೆ ಹುಡುಕಿಕೊಂಡು ಅಲೆಯೋದಿಲ್ಲ. ಒಳ್ಳೇ ಜಾಗ ನೋಡಿ ಸುರುಳಿ ಸುತ್ತಿಕೊಂಡು ಕೂತರೆ ಕಪ್ಪೆಯೋ ಓತಿಕ್ಯಾತವೋ ತಾನಾಗಿ ಹತ್ರ ಬರುವ ತನಕ ದಿನಗಟ್ಟಲೆ ಅಲ್ಲೇ ಕೂರುತ್ತೆ. ಅದರ ಜೀವನವೇ ಆ ಕಾಯುವಿಕೆ. ಅದು ಕೂತಿದ್ದ ಕೊಂಬೆಯ ಹಿಂದೆ ನೀರಿನ ಪೈಪು ಹಾದುಹೋಗಿತ್ತು. "ಬ್ಯಾಕ್‌ಗ್ರೌಂಡ್ ಸರಿ ಇಲ್ಲ" ಅಂತ ಒಬ್ಬರು ಗೊಣಗಿದರು. ಗೈಡು ಕೋಲಿನಲ್ಲಿ ಹಾವನ್ನು ಎತ್ತಿ, ಹತ್ತು ಅಡಿ ಆಚೆ ಪಾಚಿ ಹಿಡಿದ ಚಂದದ ಕೊಂಬೆಯೊಂದರ ಮೇಲೆ ಕೂರಿಸಿದ. ಅದು ಇಳಿಯೋಕೆ ನೋಡೋದು, ಇವನು ಮತ್ತೆ ಎತ್ತಿ ಕೂರಿಸೋದು. ಆರು ಫ್ಲಾಶುಗಳು, ಮುಕ್ಕಾಲು ಗಂಟೆ. ಆ ಚಿತ್ರಕ್ಕೆ ಬಂದ ಮೊದಲ ಪ್ರತಿಕ್ರಿಯೆ "ನೇಚರ್ ಅಟ್ ಇಟ್ಸ್ ಬೆಸ್ಟ್". ಸಿನಿಮಾದವರಾದರೂ ಕೊನೆಯಲ್ಲಿ ಕಲಾ ನಿರ್ದೇಶನ ಇಂಥವರದು ಅಂತ ಹೆಸರು ಹಾಕ್ತಾರೆ.

ಗೈಡಿನ ಮೇಲೆ ತಪ್ಪು ಹೊರಿಸೋದು ಸುಲಭ. ಅವನು ಊರಿನ ಹುಡುಗ. ಅವನಿಗೆ ಹಾವು ಇದ್ದಲ್ಲೇ ತೋರಿಸಿದರೂ ಅದೇ ಸಂಬಳ. ಪೈಪು ಕಾಣಬಾರದು ಅಂದದ್ದು ನಾವು.

ಈಗ ಪಿಕಳಾರದ ವಿಷಯ. ಇದನ್ನು ಬರೆಯೋದಾ ಬೇಡ್ವಾ ಅಂತ ಎರಡು ಸಲ ಯೋಚಿಸಿದೆ.

ಏಪ್ರಿಲ್ ತಿಂಗಳು. ಊರಿಗೆ ಹೋಗಿದ್ದೆ. ಒಂದು ವಾರ ರಜೆ. ಮನೆ ಅಂಗಳದ ಬದಿಯಲ್ಲಿ ಅಮ್ಮನ ದಾಸವಾಳದ ಬೇಲಿ ಇದೆ. ಅದರಲ್ಲಿ ಕೆಮ್ಮೀಸೆ ಪಿಕಳಾರದ ಜೋಡಿ ಗೂಡು ಕಟ್ಟಿತ್ತು. ತಲೆ ಮೇಲೆ ಕಪ್ಪು ಜುಟ್ಟು, ಕೆನ್ನೆಯ ಮೇಲೆ ಕೆಂಪು ಬೊಟ್ಟು ಇರೋ ಹಕ್ಕಿ, ನೀವು ನೋಡಿರ್ತೀರಿ. ಕಬಿನಿಯಲ್ಲಿ ಯಾರಾದರೂ ಪಿಕಳಾರದ ಕಡೆ ಲೆನ್ಸು ತಿರುಗಿಸಿದರೆ ಜೀಪಿನಲ್ಲಿದ್ದವರೆಲ್ಲ ನಗ್ತಾರೆ, ಅಷ್ಟು ಸಾಮಾನ್ಯ ಹಕ್ಕಿ. ಗೂಡು ನನ್ನ ಎದೆಯ ಎತ್ತರದಲ್ಲಿತ್ತು, ಬಟ್ಟಲಿನಷ್ಟು. ಒಳಗೆ ಮೂರು ಮರಿ. ಮೈಮೇಲೆ ಇನ್ನೂ ಸರಿಯಾಗಿ ಪುಕ್ಕ ಇಲ್ಲ, ಕಣ್ಣು ಬಿಟ್ಟಿಲ್ಲ, ಗಾಳಿಗೆ ಎಲೆ ಅಲ್ಲಾಡಿದರೂ ಅಮ್ಮ ಬಂದಳು ಅಂತ ಮೂರೂ ಬಾಯಿ ತೆರೆಯೋವು.

ಒಂದೇ ತೊಂದರೆ, ಎಲೆ ಅಡ್ಡ. ನಾಲ್ಕೈದು ಎಲೆ, ಒಂದು ಸಣ್ಣ ಟಿಸಿಲು. ಅಡಿಕೆ ಕೊಟ್ಟಿಗೆಯಿಂದ ಕತ್ತರಿ ತಂದು ಚಕಚಕ ಅಂತ ಕತ್ತರಿಸಿದೆ. ಈಗ ಬೆಳಕು ನೇರ ಗೂಡಿನ ಒಳಗೆ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕಾಫಿ ಕುಡೀತಾ, ಎರಡು ಗಂಟೆ ತೆಗೆದೆ. ತಾಯಿ ಹಕ್ಕಿ ಹಸಿರು ಹುಳು ಹಿಡಿದು ಬರೋದು, ಮೂರು ಕೆಂಪು ಬಾಯಿ, ತಂದೆ ಹಕ್ಕಿ ಮೇಲಿನ ಕೊಂಬೆಯಲ್ಲಿ ಕಾವಲು. ನನ್ನ ಜೀವನದ ಅತ್ಯುತ್ತಮ ಚಿತ್ರಗಳು ಅವು, ಇವತ್ತಿಗೂ. ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಬೆಳಿಗ್ಗೆ ಪಿಕಳಾರಗಳ ಕಿರುಚಾಟಕ್ಕೆ ಎಚ್ಚರ ಆಯ್ತು. ಹೊರಗೆ ಬಂದಾಗ ಬೇಲಿಯಿಂದ ಕೆಂಬೂತ ಇಳಿದು ಹೋಗ್ತಿತ್ತು. ನವಿಲನ್ನು ನೋಡಿ ಪುಕ್ಕ ತರಿದುಕೊಂಡಿತು ಅಂತ ಗಾದೆಯಲ್ಲಿ ನಾವು ತಮಾಷೆ ಮಾಡೋ ಹಕ್ಕಿ. ಅದಕ್ಕೆ ಅವಸರವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಗೂಡು ಖಾಲಿ.

ಅಮ್ಮ ಹಾಲು ಕರೆದು ಬರ್ತಿದ್ದವಳು ಚೊಂಬು ಹಿಡಿದೇ ಬಂದು ಬೇಲಿ ನೋಡಿದಳು. ಕತ್ತರಿಸಿದ ಟಿಸಿಲು ಕೆಳಗೇ ಬಿದ್ದಿತ್ತು, ಬಾಡಿ.

"ಇದನ್ನ ನೀನು ಕಡ್ದಿದ್ದಾ?"

"ಫೋಟೋಕ್ಕೆ ಅಡ್ಡ ಬರ್ತಿತ್ತಮ್ಮ."

ಅಮ್ಮ ಬೈಯಲಿಲ್ಲ. "ಬಾಣಂತಿ ಕೋಣೆ ಬಾಗಿಲು ತೆಗ್ದಿಟ್ಟು ಬಂದಿಯಲ್ಲ ಮಾರಾಯ" ಅಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಎರಡು ದಿನ ಆ ಜೋಡಿ ಬಾಯಲ್ಲಿ ಹುಳು ಹಿಡ್ಕೊಂಡು ಗೂಡಿನ ಹತ್ರ ಬರ್ತಾನೇ ಇತ್ತು. ಅದರ ಫೋಟೋ ನಾನು ತೆಗೀಲಿಲ್ಲ. ಆದರೆ ಮೊದಲ ದಿನದ ಚಿತ್ರವನ್ನು ಮಾತ್ರ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹಾಕಿದೆ. ಹೌದು, ಗೂಡು ಖಾಲಿಯಾಗಿದೆ ಅಂತ ಗೊತ್ತಿದ್ದೂ ಹಾಕಿದೆ. "ತಾಯಿಯ ಮಮತೆ" ಅಂತ ಬರೆದಿದ್ದೆ. ನಾನು ಹಾಕಿದ ಯಾವ ಚಿತ್ರಕ್ಕೂ ಅಷ್ಟು ಹೊಗಳಿಕೆ ಬಂದಿಲ್ಲ. ನಾಲ್ಕು ತಿಂಗಳ ನಂತರ ತೆಗೆದುಹಾಕಿದೆ, ಯಾರಿಗೂ ಕಾರಣ ಹೇಳಲಿಲ್ಲ. ಈಗ ಹೇಳ್ತಿದೀನಿ.

ಕೋಡಿನಲ್ಲಿ ಏನೇ ಹಾಳು ಮಾಡಿದರೂ ಹಿಂದಿನ ವರ್ಷನ್‌ಗೆ ಹೋಗಬಹುದು ಅನ್ನೋ ಧೈರ್ಯದಲ್ಲೇ ಕೈಯಾಡಿಸಿ ಅಭ್ಯಾಸ ಆಗಿರೋರು ನಾವು. ಗೂಡಿಗೆ ಕಂಟ್ರೋಲ್ ಝೆಡ್ ಇಲ್ಲ.

ಆಮೇಲೆ ಒಂದು ದಿನ, ತಪ್ಪಿತಸ್ಥ ಭಾವನೆಯೋ ಕುತೂಹಲವೋ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತೆಗೆದು ಓದಿದೆ. ಎರಡನೇ ಸೆಕ್ಷನ್ನಿನ ಹದಿನಾರನೇ ಉಪಕಲಮು. 'ಬೇಟೆ' ಅಂದ್ರೆ ಏನು ಅನ್ನೋದರ ವ್ಯಾಖ್ಯೆ. ಕೊಲ್ಲೋದು, ವಿಷ ಹಾಕೋದು ಬೇಟೆ, ಅದು ಎಲ್ಲರಿಗೂ ಗೊತ್ತು. ಅಲ್ಲಿಗೆ ನಿಲ್ಲೋದಿಲ್ಲ. ಹಿಡಿಯೋದು, ಅಟ್ಟಿಸಿಕೊಂಡು ಹೋಗೋದು, ಉರುಳು ಹಾಕೋದು, ಓಡಿಸೋದು, ಆಮಿಷ ಒಡ್ಡೋದು, ಇವೂ ಬೇಟೆ. ಕಾಡಿನ ಹಕ್ಕಿ ಮತ್ತು ಸರೀಸೃಪಗಳ ವಿಷಯದಲ್ಲಿ ಮೊಟ್ಟೆಗೆ ಹಾನಿ ಮಾಡೋದಷ್ಟೇ ಅಲ್ಲ, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡೋದೂ ಬೇಟೆ. ಇದು ನನ್ನ ಉಪಮೆ ಅಲ್ಲ. ಸಂಸತ್ತು ಒಪ್ಪಿದ ವ್ಯಾಖ್ಯೆ.

ಹಾಗಾಗಿ ತೊಟ್ಟಿಯಲ್ಲಿ ಮೀನು ಬಿಟ್ಟು ಮಿಂಚುಳ್ಳಿ ಧುಮುಕೋದನ್ನು ತೆಗೆಸುವವರು, ಬಿಳಿ ಇಲಿ ಕಟ್ಟಿ ಗೂಬೆಯನ್ನು ಕರೆಸುವವರು, ಕೋಲಿನಲ್ಲಿ ಹಾವು ಎತ್ತಿಸುವವರು, ಎಲೆ ಕತ್ತರಿಸುವ ನಾನು, ನಾವೆಲ್ಲ ಕಾನೂನಿನ ಮಾತಿನಲ್ಲಿ ಏನು ಅಂತ ನೀವೇ ಓದಿಕೊಳ್ಳಿ. ಅಜ್ಜನ ಕೋವಿಗಾದರೂ ಲೈಸೆನ್ಸ್ ಇತ್ತು.

ಅಜ್ಜ ಸಂತರಾಗಿರಲಿಲ್ಲ. ಬೆಳೆ ಕಾಯೋ ನೆಪದಲ್ಲಿ ಹೊಡೆಯಬಾರದ್ದನ್ನೂ ಹೊಡೆದಿದ್ದಾರೆ, ನಾನು ತಿಂದಿದೀನಿ. ಹಳೇ ಶಿಕಾರಿಯವರು ಎಷ್ಟು ಒಳ್ಳೆಯವರಿದ್ದರು ಅನ್ನೋ ಪುರಾಣ ನನಗೆ ಬೇಡ. ಆದರೆ ಮರಿ ಹಾಕಿದ್ದಕ್ಕೆ ಕೋವಿ ಎತ್ತಬಾರದು ಅಂತ ಅವರಿಗೊಂದು ಕಟ್ಟುಪಾಡಿತ್ತು. ನಮಗೋ, ಮರಿ ಇದ್ದರೆ ಇನ್ನೂ ಒಳ್ಳೇದು, 'ಎಮೋಷನ್' ಬರುತ್ತೆ.

ಇಷ್ಟು ಹೇಳಿದ ತಕ್ಷಣ ನನ್ನ ಗೆಳೆಯರು ಮೇಲೆ ಬೀಳ್ತಾರೆ. ಮೊದಲನೆಯ ವಾದ ಯಾವಾಗಲೂ ಒಂದೇ, "ನಮ್ಮ ಚಿತ್ರಗಳಿಂದ ಜಾಗೃತಿ ಮೂಡುತ್ತೆ, ಜನಕ್ಕೆ ಕಾಡಿನ ಮೇಲೆ ಪ್ರೀತಿ ಬರುತ್ತೆ." ಬರಬಹುದು. ಕೃಪಾಕರ-ಸೇನಾನಿ ವರ್ಷಗಟ್ಟಲೆ ಕೆನ್ನಾಯಿಗಳ ಹಿಂದೆ ಅಲೆದು ಮಾಡಿದ 'ದ ಪ್ಯಾಕ್' ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಅಂತ ಕರೆಯುವ ಪಾಂಡಾ ಪ್ರಶಸ್ತಿ ಬಂತು. ಒಂದು ಕಾಲದಲ್ಲಿ ತಲೆಗಿಷ್ಟು ಅಂತ ಇನಾಮು ಕೊಟ್ಟು ಕೊಲ್ಲಿಸುತ್ತಿದ್ದ ಪ್ರಾಣಿ ಅದು. ಅದಕ್ಕೊಂದು ಸಂಸಾರ ಇದೆ, ಮಕ್ಕಳ ಮೇಲೆ ಅಕ್ಕರೆ ಇದೆ ಅಂತ ನೋಡಿದವರಿಗೆ ಗೊತ್ತಾಯ್ತು. ಇದು ಜಾಗೃತಿ, ಒಪ್ತೀನಿ. ಆದರೆ ನಾನು ತೆಗೆದ ಆಕಳಿಸುವ ಹುಲಿ? ಅದೇ ಕೆರೆ ದಂಡೆ, ಅದೇ ಹುಲಿ, ಅದೇ ಆಕಳಿಕೆ, ಪಕ್ಕದ ಜೀಪಿನವನ ಹತ್ರವೂ ಇದೆ, ಅದರ ಪಕ್ಕದವನ ಹತ್ರವೂ ಇದೆ. ಅದರಿಂದ ಹುಲಿಯ ಬಗ್ಗೆ ಯಾರಿಗೂ ಹೊಸದೇನೂ ತಿಳಿಯಲಿಲ್ಲ. ನಾನು ಕಬಿನಿಗೆ ಹೋಗಿದ್ದೆ ಅಂತ ತಿಳೀತು.

ಎರಡನೆಯದು ಸ್ವಲ್ಪ ತೂಕದ ವಾದ. ಹಿಂದಿನ ದೊಡ್ಡವರೂ ಗೂಡಿನ ಚಿತ್ರ ತೆಗೀತಿದ್ರಲ್ಲ? ನಿಜ. ಆಗಿನ ಹಕ್ಕಿ ಛಾಯಾಗ್ರಹಣ ಅಂದ್ರೆ ಬಹುಪಾಲು ಗೂಡೇ. ಅವತ್ತಿನ ಲೆನ್ಸುಗಳಿಗೆ ದೂರದ ಹಕ್ಕಿ ಸಿಗ್ತಿರಲಿಲ್ಲ. ಮರೆ ಕಟ್ಟಿ, ಒಳಗೆ ದಿನಗಟ್ಟಲೆ ಕೂತು, ಮೂವತ್ತಾರು ಫ್ರೇಮಿನ ರೀಲನ್ನು ಕೃಪಣನ ಹಾಗೆ ಖರ್ಚು ಮಾಡಬೇಕಿತ್ತು. ಅಂಥವರು ಇಡೀ ದೇಶಕ್ಕೆ ಬೆರಳೆಣಿಕೆ. ಇವತ್ತು ಅರವತ್ತು ಅಡಿ ದೂರದಿಂದ ಹಕ್ಕಿಯ ಕಣ್ಣಿನ ರೆಪ್ಪೆ ಎಣಿಸೋ ಲೆನ್ಸು ಇಟ್ಕೊಂಡು, ಸೆಕೆಂಡಿಗೆ ಇಪ್ಪತ್ತು ಫ್ರೇಮು ಹೊಡೀತಾ, ಸಾವಿರಾರು ಜನ ಗೂಡಿನ ಮುಂದೆ ನಿಲ್ಲೋಕೆ ಅವರನ್ನು ಗುರಾಣಿ ಮಾಡ್ಕೊಳ್ಳೋದು ಸರಿಯಲ್ಲ. ಈಗ ಹಲವು ಸ್ಪರ್ಧೆಗಳು ಗೂಡಿನ ಚಿತ್ರ ಸ್ವೀಕರಿಸೋದನ್ನೇ ನಿಲ್ಲಿಸಿವೆ. ನಮ್ಮ ವಾಟ್ಸಾಪ್ ಗುಂಪುಗಳು ನಿಲ್ಲಿಸಿಲ್ಲ.

ಸ್ಪರ್ಧೆ ಅಂದಾಗ ನೆನಪಾಯ್ತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸೋ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದ ಇಯರ್ ನಮ್ಮ ಮಂದಿಗೆ ಜ್ಞಾನಪೀಠ ಇದ್ದ ಹಾಗೆ. 2009ರ ಪ್ರಥಮ ಬಹುಮಾನ, ರಾತ್ರಿಯಲ್ಲಿ ಬೇಲಿಯ ಗೇಟು ಹಾರುವ ತೋಳದ ಚಿತ್ರಕ್ಕೆ. ಕೆಲವೇ ತಿಂಗಳಲ್ಲಿ, ಅದು ಬಹುಶಃ ಪಳಗಿಸಿದ ತೋಳ ಅಂತ ತೀರ್ಪುಗಾರರು ಬಹುಮಾನ ವಾಪಸ್ ತಗೊಂಡರು. 2017ರಲ್ಲಿ ಬ್ರೆಜಿಲ್ಲಿನ ಗೆದ್ದಲು ಹುತ್ತದ ಮುಂದೆ ನಿಂತ ಇರುವೆಭಕ್ಷಕ ಬಹುಮಾನ ಗೆದ್ದಿತು. ಮರುವರ್ಷ ಅದನ್ನೂ ಕಿತ್ತುಕೊಂಡರು. ಅದು ಹುಲ್ಲು ತುಂಬಿಟ್ಟ ಪ್ರಾಣಿ ಅನ್ನೋ ತೀರ್ಮಾನಕ್ಕೆ ಮ್ಯೂಸಿಯಂ ಬಂದಿತ್ತು. ಛಾಯಾಗ್ರಾಹಕ ಮಾತ್ರ ಒಪ್ಪಲಿಲ್ಲ. ನನಗೆ ಅನ್ನಿಸೋದು, ಸತ್ತ ಪ್ರಾಣಿಯನ್ನು ತಂದು ನಿಲ್ಲಿಸಿದ್ದರೆ ಆ ಪ್ರಾಣಿಗೆ ಹೊಸದಾಗಿ ತೊಂದರೆಯೇನೂ ಆಗಲಿಲ್ಲ, ಮೋಸ ಆಗಿದ್ದು ನೋಡುವವರಿಗೆ ಮಾತ್ರ. ನಮ್ಮ ಗುಳಿಮಂಡಲಕ್ಕೆ ಹೋಲಿಸಿದರೆ ಅದು ವಾಸಿ.

ಮೂರನೇ ವಾದ ನನಗೆ ಸಿಟ್ಟು ಬರಿಸೋದು. "ಹಳ್ಳಿಯವರು ಕಾಡಿಗೆ ಬೆಂಕಿ ಹಾಕ್ತಾರೆ, ಉರುಳು ಇಡ್ತಾರೆ, ಅವರನ್ನು ಬಿಟ್ಟು ನಮ್ಮನ್ನು ಯಾಕೆ ಬೈತೀಯ?" ಉರುಳು ಇಟ್ಟವನನ್ನು ಹಿಡಿಯೋಕೆ ಇಲಾಖೆ ಇದೆ, ಕೇಸಿದೆ, ಜೈಲಿದೆ. ಅವನಿಗೆ ತಾನು ಮಾಡಿದ್ದು ಕಳ್ಳತನ ಅಂತ ಗೊತ್ತಿರುತ್ತೆ, ಕತ್ತಲಲ್ಲಿ ಹೋಗ್ತಾನೆ. ನಾವು ಹಗಲಲ್ಲಿ, ಟಿಕೆಟ್ ತಗೊಂಡು, ಟಿ-ಶರ್ಟಿನ ಮೇಲೆ 'ಸೇವ್ ಟೈಗರ್ಸ್' ಅಂತ ಬರೆಸಿಕೊಂಡು ಹೋಗ್ತೀವಿ. ಇನ್ನೊಂದು ಮಾತು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದೀರಾ? ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಅಲ್ಲಿ ಮನೆಗಳ ನಡುವಿನ ಹುಣಸೆ ಮರ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರ ನಂಬಿಕೆ. ಮೀನಿನ ವಾಸನೆ, ಹಿಕ್ಕೆ, ಗಲಾಟೆ ಎಲ್ಲ ಸಹಿಸ್ಕೊಂಡು, ಮರದಲ್ಲಿ ಗೂಡಿದ್ದರೆ ಹುಣಸೆಹಣ್ಣಿನ ಆದಾಯವನ್ನೂ ಬಿಟ್ಟುಕೊಟ್ಟವರಿದ್ದಾರೆ ಅಲ್ಲಿ. ನಾನು ಹೋಗಿದ್ದಾಗ, ಗೂಡಿನಲ್ಲಿ ಕೂತ ಹಕ್ಕಿ ರೆಕ್ಕೆ ಬಿಚ್ಚಲಿ ಅಂತ ಮರದ ಬುಡದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದವನು ಬೆಂಗಳೂರಿನಿಂದ ಬಂದಿದ್ದ. ಅವನಿಗೆ ಉಗಿದು ಕಳಿಸಿದ್ದು ಅದೇ ಬೀದಿಯ ಒಬ್ಬ ಅಜ್ಜಿ. ಬಾಣಂತಿ ಅನ್ನೋ ಮಾತು ನಮ್ಮಮ್ಮನಿಗೂ ಆ ಊರಿಗೂ ಒಟ್ಟಿಗೇ ಹೊಳೆದಿರೋದು ಕಾಕತಾಳೀಯ ಅಂತ ನನಗನಿಸೋದಿಲ್ಲ. ಹೆರಿಗೆ ಮನೆಯಲ್ಲೇ ಆಗ್ತಿದ್ದ ಕಾಲ ನೋಡಿದವರಿಗೆ ಆ ಕೋಣೆಗೆ ಯಾಕೆ ಕತ್ತಲು ಬೇಕು ಅಂತ ಗೊತ್ತು.

ಪ್ರಾಣಿ ಹಕ್ಕಿ ಬೇಡ, ಬೆಟ್ಟ ಗುಡ್ಡ ಸೂರ್ಯೋದಯ ತೆಗೀತೀನಿ, ಅದರಿಂದ ಯಾರಿಗೆ ನಷ್ಟ ಅಂತ ಕೇಳ್ತೀರಾ? 2022ರ ಸೆಪ್ಟೆಂಬರಿನಲ್ಲಿ ಮುಳ್ಳಯ್ಯನಗಿರಿ ಕಡೆ ಕುರಿಂಜಿ ಅರಳಿತ್ತು. ಇಡೀ ಗುಡ್ಡ ನೀಲಿ. ಕುರಿಂಜಿ ವರ್ಷಗಟ್ಟಲೆ ಬರೀ ಎಲೆ ಹೊತ್ತುಕೊಂಡಿದ್ದು, ಒಂದೇ ಒಂದು ಸಲ ಹೂಬಿಟ್ಟು, ಬೀಜ ಉದುರಿಸಿ ಸತ್ತುಹೋಗುವ ಗಿಡ. ಬೀಜ ಕಟ್ಟೋ ಮೊದಲೇ ತುಳಿದರೆ ಅದರ ಅಷ್ಟೂ ವರ್ಷ ಮಣ್ಣುಪಾಲು. ನಾವು ಹೋದ ದಿನ ರಸ್ತೆ ಬದಿಯ ಗಿಡಗಳ ನಡುವೆ ಕಾಲುದಾರಿಗಳು ಬಿದ್ದಿದ್ದವು. ಒಂದೊಂದು ದಾರಿಯ ಕೊನೆಗೂ ಒಬ್ಬರು ಕೂತು ಮುಖ ಹೊರಳಿಸಿ ಪೋಸು ಕೊಡುವಷ್ಟು ಅಗಲದ ಒಂದು ಚಪ್ಪಟೆ ಜಾಗ.

ಊರಿಂದ ದೂರ ಹೋಗೋದೂ ಬೇಕಿಲ್ಲ. ಪ್ರತಿ ಚಳಿಗಾಲ ನವರಂಗ ಅನ್ನೋ ಪುಟ್ಟ ಹಕ್ಕಿ ಉತ್ತರದಿಂದ ರಾತ್ರಿ ಹೊತ್ತು ಹಾರಿಕೊಂಡು ನಮ್ಮ ಕಡೆ ಬರುತ್ತೆ. ಬರುವಾಗ ಸುಸ್ತಾಗಿ ಬೆಂಗಳೂರಿನ ಪಾರ್ಕು, ಕ್ಯಾಂಪಸ್ಸು, ಕೆಲವು ಸಲ ಮನೆಯ ಹಿತ್ತಲಲ್ಲೇ ಇಳಿದುಬಿಡುತ್ತೆ. ಯಾರೋ ಒಬ್ಬ ಗುಂಪಿನಲ್ಲಿ ಲೊಕೇಷನ್ ಪಿನ್ ಹಾಕ್ತಾನೆ. ಮರುದಿನ ಬೆಳಿಗ್ಗೆ ಮೂವತ್ತು ಟ್ರೈಪಾಡು. ಹಕ್ಕಿ ಪೊದೆಯೊಳಗೆ ಅವಿತರೆ, ಯಾರದೋ ಮೊಬೈಲಿನಿಂದ ಅದರದೇ ಜಾತಿಯ ಕೂಗು. ಬೇರೆ ಯಾರೋ ತನ್ನ ಜಾಗಕ್ಕೆ ನುಗ್ಗಿದ ಅಂತ ಅದು ಪಾಪ ಜಗಳಕ್ಕೆ ಹೊರಗೆ ಬರುತ್ತೆ. ಸಿಕ್ತು! ಹೊಡಿ! ಸಾವಿರಾರು ಕಿಲೋಮೀಟರ್ ಹಾರಿ ಬಂದ ಅಂಗೈಯಷ್ಟು ಜೀವ, ಹುಳ ಹುಡುಕಿಕೊಂಡು ಹೊಟ್ಟೆ ತುಂಬಿಸಿಕೊಳ್ಳಬೇಕಾದ ಹೊತ್ತಿನಲ್ಲಿ, ಇಲ್ಲದ ವೈರಿಯ ಜೊತೆ ದಿನವಿಡೀ ಜಗಳ ಆಡ್ತಿರುತ್ತೆ. ಇದನ್ನು ಮಾಡುವವರು ಕಟುಕರಲ್ಲ. ಇನ್ಫೋಸಿಸ್, ಐಐಎಸ್ಸಿ, ಬ್ಯಾಂಕು, ಆಸ್ಪತ್ರೆ, ಎಲ್ಲೆಲ್ಲೋ ಕೆಲಸ ಮಾಡುವ, ಮನೆಯಲ್ಲಿ ನಾಯಿ ಸಾಕಿರುವ, ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ ಕಲಿಸುವ ನನ್ನಂಥ ನಿಮ್ಮಂಥ ಸಭ್ಯರು.

ಕ್ಯಾಮೆರಾ ಮಾರಿಬಿಟ್ಟೆಯಾ ಅಂತ ಕೇಳಬೇಡಿ. ಮಾರಿಲ್ಲ. ತೇಜಸ್ವಿ ಮೂಡಿಗೆರೆಯ ತೋಟದ ಸುತ್ತಮುತ್ತಲೇ ಹಕ್ಕಿಗಳನ್ನು ನೋಡ್ತಾ, ಚಿತ್ರ ತೆಗೀತಾ ವರ್ಷಗಳನ್ನು ಕಳೆದರು. ಅವರ ಪುಸ್ತಕ ಓದಿಯೇ ಕ್ಯಾಮೆರಾ ಹಿಡಿದ ನಾವು, ಅವರಿಂದ ಜೀಪು ಮತ್ತು ಲೆನ್ಸನ್ನು ಕಲಿತು, ಒಂದೇ ಜಾಗದಲ್ಲಿ ಕೂರೋದನ್ನು ಕಲಿಯದೇ ಬಿಟ್ಟೆವು. ನಾನೀಗ ಎರಡು ವರ್ಷದಿಂದ ಹೆಚ್ಚಾಗಿ ಬಾಲ್ಕನಿಯಲ್ಲಿ ಕೂರ್ತೀನಿ. ಎದುರಿಗೆ ಖಾಲಿ ಸೈಟು, ಅದರಲ್ಲಿ ಒಂದು ಹೊಂಗೆ ಮರ, ಒಂದು ನೀರಿನ ಗುಂಡಿ. ಸೂರಕ್ಕಿ ಬರುತ್ತೆ, ಮಡಿವಾಳ ಹಕ್ಕಿ ಬರುತ್ತೆ, ಹದ್ದು ಕೇಬಲ್ಲಿನ ಚೂರು ಎತ್ತಿಕೊಂಡು ಹೋಗಿ ಮೊಬೈಲ್ ಟವರಿನಲ್ಲಿ ಗೂಡು ಕಟ್ಟುತ್ತೆ. ಅದರ ಗೂಡಿನ ಫೋಟೋ ತೆಗೆದಿಲ್ಲ. ಯಾರೂ "ಸಿಕ್ತಾ?" ಅಂತ ಕೇಳೋದಿಲ್ಲ. ಸಿಗೋದು ತುಂಬಾ ಕಡಿಮೆ, ನಿಜ ಹೇಳಬೇಕಂದ್ರೆ ಬೋರೂ ಆಗುತ್ತೆ. ಮೇ ತಿಂಗಳಲ್ಲಿ ಒಂದು ಕಬಿನಿ ಪ್ಲಾನಿಗೆ ಹೂಂ ಅಂದುಬಿಟ್ಟಿದ್ದೆ, ಆಮೇಲೆ ತಪ್ಪಿಸಿಕೊಂಡೆ. ಮುಂದಿನ ಸಲ ತಪ್ಪಿಸಿಕೊಳ್ತೀನಿ ಅಂತ ಆಣೆ ಮಾಡಲಾರೆ.

ಆದರೆ ಇಷ್ಟು ನಿಮ್ಮ ಹತ್ರ ನೇರವಾಗಿ ಕೇಳ್ತೀನಿ. ಗೂಡಿನ ಚಿತ್ರಕ್ಕೆ ಲೈಕು ಒತ್ತಬೇಡಿ. ಲೊಕೇಷನ್ ಕೇಳಬೇಡಿ, ಕೇಳಿದರೆ ಹೇಳಬೇಡಿ. ಹಾವಿನ ಚಿತ್ರದ ಹಿನ್ನೆಲೆ ತೀರಾ ಚಂದ ಇದ್ದರೆ, ಅದನ್ನು ಅಲ್ಲಿ ಕೂರಿಸಿದವರು ಯಾರು ಅಂತ ಕಾಮೆಂಟಿನಲ್ಲೇ ಕೇಳಿ. ಗುಂಪಿನಿಂದ ತೆಗೆದುಹಾಕ್ತಾರೆ, ನನ್ನನ್ನು ಎರಡು ಗುಂಪಿನಿಂದ ತೆಗೆದಿದ್ದಾರೆ. ಫೋನಿನಲ್ಲಿ ಜಾಗ ಉಳಿಯುತ್ತೆ.

ಕಳೆದ ವಾರ ಅಮ್ಮ ಫೋನ್ ಮಾಡಿದ್ದಳು. ಅಡಿಕೆ ರೇಟು, ಚಿಕ್ಕಮ್ಮನ ಮಂಡಿನೋವು, ಮಳೆ ಎಲ್ಲ ಆದ ಮೇಲೆ, "ನಿನ್ನ ಪಿಕಳಾರ ಮತ್ತೆ ಗೂಡು ಕಟ್ಟಿದೆ ಮಾರಾಯ" ಅಂದಳು.

"ಹೌದಾ? ಎಲ್ಲಮ್ಮ? ದಾಸವಾಳದಲ್ಲೇನಾ?"

ಅಮ್ಮ ಒಂದು ಗಳಿಗೆ ಸುಮ್ಮನಿದ್ದಳು.

"ಅಲ್ಲೆಲ್ಲೋ ಕಟ್ಟಿದೆ. ನೀನು ಊಟ ಮಾಡಿದ್ಯಾ?"